ಈ ಕ್ಯಾಮೆರಾ ಯಾರ ಕೈಲಿದೆ? ‘ಪ್ರಾಜೆಕ್ಟ್ ಎಕ್ಸ್’ ನೋಡುತ್ತ ಫೌಂಡ್ ಫೂಟೇಜ್ ಅರ್ಥ ಮಾಡಿಕೊಳ್ಳೋಣ

ಸೆಕೆಂಡ್ ಪಿಯುಸಿ ಪರೀಕ್ಷೆ ಮುಗಿಸಿದ ಅಕ್ಕನ ಮಗ ಹೋದ ಭಾನುವಾರ ಲ್ಯಾಪ್‌ಟಾಪ್ ಹಿಡಿದುಕೊಂಡು ಮನೆಗೆ ಬಂದ. ಗೆಳೆಯರೆಲ್ಲ ಸೇರಿ ಒಬ್ಬನ ಮನೆ ತಾರಸಿಯಲ್ಲಿ ಪಾರ್ಟಿ ಮಾಡುತ್ತಾರಂತೆ. ಎಲ್ಲರೂ ತಮ್ಮ ತಮ್ಮ ಫೋನಿನಲ್ಲಿ ತೆಗೆದದ್ದನ್ನು ಆಮೇಲೆ ಒಟ್ಟು ಹಾಕಿ ‘ಸಿನಿಮಾ ಥರ’ ಮಾಡುವ ಯೋಜನೆಯಂತೆ. ಮಾದರಿಗೆ ‘ಪ್ರಾಜೆಕ್ಟ್ ಎಕ್ಸ್’ ನೋಡು ಅಂತ ಯಾರೋ ಹೇಳಿದ್ದಾರೆ. ಹೈಸ್ಕೂಲು ಹುಡುಗರ ಮನೆ ಪಾರ್ಟಿಯೊಂದು ಕೈಮೀರಿ ಹೋಗುವ 2012ರ ಅಮೆರಿಕನ್ ಚಿತ್ರ. ಅವನಿಗೆ ಹದಿನೆಂಟು ತುಂಬಿದೆ, ಆದರೂ ಅಕ್ಕ ಪಕ್ಕದ ಅಡುಗೆಮನೆಯಲ್ಲೇ ಇದ್ದದ್ದರಿಂದ ವಾಲ್ಯೂಮು ಕಡಿಮೆ ಇಟ್ಟುಕೊಂಡೇ ಕೂತೆವು.

ಅರ್ಧ ಗಂಟೆ ಕಳೆದಿರಬೇಕು. ಪರದೆಯ ಮೇಲೆ ಕುಣಿತ, ನೀರು, ಕೂಗಾಟ. ಹುಡುಗ ಸ್ಪೇಸ್‌ಬಾರ್ ಒತ್ತಿ ಚಿತ್ರ ನಿಲ್ಲಿಸಿ ಕೇಳಿದ: “ಮಾವ, ಇದನ್ನ ಈಗ ಯಾರು ಶೂಟ್ ಮಾಡ್ತಿರೋದು?”

ಆ ಚಿತ್ರದ ಮೇಲೆ ಬಂದ ಉದ್ದುದ್ದ ವಿಮರ್ಶೆಗಳೆಲ್ಲ ಸುತ್ತಿ ಬಳಸಿ ಹೇಳಿದ್ದು ಈ ಒಂದು ಪ್ರಶ್ನೆಯೊಳಗಿದೆ. ಇದಕ್ಕೆ ಉತ್ತರ ಹೇಳಬೇಕಾದರೆ ಸ್ವಲ್ಪ ಹಿಂದಿನಿಂದ ಶುರು ಮಾಡಬೇಕು.

ಫೌಂಡ್ ಫೂಟೇಜ್ ಅಂದರೇನು

ಮಾಮೂಲಿ ಸಿನಿಮಾದಲ್ಲಿ ಕ್ಯಾಮೆರಾ ಇದೆ ಅನ್ನುವುದನ್ನು ನಾವೂ ಮರೆತಿರುತ್ತೇವೆ, ಪಾತ್ರಗಳೂ ಮರೆತಿರುತ್ತವೆ. ನಾಯಕ ಒಬ್ಬನೇ ಕೋಣೆಯಲ್ಲಿ ಕೂತು ಅಳುತ್ತಿದ್ದರೆ ‘ಒಬ್ಬನೇ ಇದ್ದಾನಲ್ಲ, ಹಾಗಾದರೆ ಇದನ್ನು ತೆಗೆದವರು ಯಾರು’ ಅಂತ ಯಾರೂ ಕೇಳುವುದಿಲ್ಲ. ಅದು ಸಿನಿಮಾಕ್ಕೂ ನಮಗೂ ನಡುವಿನ ಹಳೆಯ ಒಪ್ಪಂದ. ನಾಟಕದಲ್ಲಿ ಮನೆಯ ನಾಲ್ಕನೇ ಗೋಡೆ ಯಾಕಿಲ್ಲ ಅಂತ ಕೇಳದಿರುವ ಹಾಗೆ.

ಫೌಂಡ್ ಫೂಟೇಜ್ ಚಿತ್ರ ಈ ಒಪ್ಪಂದವನ್ನು ಮುರಿದು ಬೇರೊಂದನ್ನು ಮಾಡಿಕೊಳ್ಳುತ್ತದೆ. ‘ಸಿಕ್ಕಿದ ವಿಡಿಯೋ’ ಅನ್ನುವುದು ಅದರ ನೇರ ಅರ್ಥ. ಇದು ನಿರ್ದೇಶಕರು ತೆಗೆದ ಸಿನಿಮಾ ಅಲ್ಲ, ಕತೆಯೊಳಗಿನ ಜನರೇ ತೆಗೆದ ವಿಡಿಯೋ, ಅದು ಆಮೇಲೆ ಯಾರಿಗೋ ಸಿಕ್ಕಿತು, ಅದನ್ನೇ ನಿಮಗೆ ತೋರಿಸುತ್ತಿದ್ದೇವೆ ಎನ್ನುತ್ತದೆ. ಸುಳ್ಳೇ. ಆದರೆ ಆಟದ ನಿಯಮ ಅದು. ಕಾದಂಬರಿಗಳಲ್ಲಿ ಈ ಉಪಾಯ ಬಹಳ ಹಳೆಯದು. 1897ರ ‘ಡ್ರಾಕುಲಾ’ ಇಡೀ ಕತೆ ಪಾತ್ರಗಳ ದಿನಚರಿ, ಕಾಗದ, ಪತ್ರಿಕೆಯ ತುಣುಕುಗಳ ರೂಪದಲ್ಲೇ ಇದೆ. ದಿನಚರಿಯ ಜಾಗಕ್ಕೆ ಹ್ಯಾಂಡಿಕ್ಯಾಮ್ ಬಂತು, ಅಷ್ಟೇ.

ಇಲ್ಲಿ ಎರಡು ಗೊಂದಲ ಬಿಡಿಸಿಕೊಳ್ಳಬೇಕು. ಕ್ಯಾಮೆರಾ ಅಲ್ಲಾಡಿದ ಮಾತ್ರಕ್ಕೆ ಅದು ಫೌಂಡ್ ಫೂಟೇಜ್ ಅಲ್ಲ. ಈಗಿನ ಎಷ್ಟೋ ಆ್ಯಕ್ಷನ್ ಚಿತ್ರಗಳಲ್ಲಿ ಕ್ಯಾಮೆರಾ ಅಲುಗಾಡುತ್ತದೆ, ಆದರೆ ಆ ಕ್ಯಾಮೆರಾ ಕತೆಯೊಳಗೆ ಇರುವುದಿಲ್ಲ. ಇನ್ನೊಂದು, ಮಾಕ್ಯುಮೆಂಟರಿ. ಅದು ಸಾಕ್ಷ್ಯಚಿತ್ರದ ವೇಷ ಹಾಕಿದ ಹಾಸ್ಯ. ಅಲ್ಲಿ ಒಂದು ವೃತ್ತಿಪರ ತಂಡ ಬಂದು ಶೂಟ್ ಮಾಡುತ್ತಿದೆ ಅಂತ ಇಟ್ಟುಕೊಂಡಿರುತ್ತಾರೆ. ಪಾತ್ರಗಳು ಕ್ಯಾಮೆರಾದ ಕಡೆ ತಿರುಗಿ ಸಂದರ್ಶನ ಕೊಡುತ್ತವೆ. ಫೌಂಡ್ ಫೂಟೇಜಿನಲ್ಲಿ ಕ್ಯಾಮೆರಾ ಹಿಡಿದವನೂ ಆ ಗಲಾಟೆಯಲ್ಲೇ ಸಿಕ್ಕಿಕೊಂಡಿರುತ್ತಾನೆ. ಓಡಬೇಕಾದಾಗ ಅವನೂ ಓಡುತ್ತಾನೆ.

ದೆವ್ವಕ್ಕೆ ಒಗ್ಗಿದ ವಿದ್ಯೆ

ಈ ಬಗೆಯನ್ನು ಜಗತ್ತಿಗೆಲ್ಲ ಪರಿಚಯಿಸಿದ್ದು 1999ರ ‘ದಿ ಬ್ಲೇರ್ ವಿಚ್ ಪ್ರಾಜೆಕ್ಟ್’. ಅಮೆರಿಕದ ಮೇರಿಲ್ಯಾಂಡ್ ಕಾಡಿನಲ್ಲಿ ಮೂವರು ವಿದ್ಯಾರ್ಥಿಗಳು ಮಾಟಗಾತಿಯೊಬ್ಬಳ ಬಗ್ಗೆ ಸಾಕ್ಷ್ಯಚಿತ್ರ ಮಾಡಲು ಹೋಗಿ ಕಾಣೆಯಾಗುತ್ತಾರೆ, ಅವರ ವಿಡಿಯೋ ಮಾತ್ರ ಸಿಗುತ್ತದೆ. ನಟರ ಕೈಗೇ ಕ್ಯಾಮೆರಾ ಕೊಟ್ಟು ಎಂಟು ದಿನದಲ್ಲಿ ಚಿತ್ರೀಕರಣ ಮುಗಿಸಿದ್ದರು. ಬಿಡುಗಡೆಗೆ ಮುಂಚೆಯೇ ವೆಬ್‌ಸೈಟ್ ಮಾಡಿ, ‘ಕಾಣೆಯಾಗಿದ್ದಾರೆ’ ಅನ್ನುವ ಚೀಟಿ ಹಂಚಿ, ಎಷ್ಟೋ ಜನರು ನಿಜವೆಂದೇ ನಂಬುವಂತೆ ಮಾಡಿದರು. ಗಳಿಕೆ 24 ಕೋಟಿ ಡಾಲರ್ ದಾಟಿತು. ಹತ್ತು ವರ್ಷದ ಮೇಲೆ ‘ಪ್ಯಾರಾನಾರ್ಮಲ್ ಆ್ಯಕ್ಟಿವಿಟಿ’ ಬಂತು. ನಿರ್ದೇಶಕ ಓರೆನ್ ಪೆಲಿ ಸುಮಾರು 15 ಸಾವಿರ ಡಾಲರ್‌ನಲ್ಲಿ ಸ್ಯಾನ್ ಡಿಯಾಗೋದ ತನ್ನ ಮನೆಯಲ್ಲೇ ಅದನ್ನು ತೆಗೆದದ್ದು. ಅದು ದುಡಿದದ್ದು 19 ಕೋಟಿ ಡಾಲರ್‌ಗೂ ಹೆಚ್ಚು.

ಕನ್ನಡದಲ್ಲೂ ಇದರ ರುಚಿ ನೋಡಿದ್ದೇವೆ. 2013ರಲ್ಲಿ ಕೆ.ಎಸ್. ಅಶೋಕ ನಿರ್ದೇಶನದ ‘6-5=2’ ಬಂದಾಗ, ಟ್ರೆಕ್ಕಿಂಗ್‌ಗೆ ಹೋದ ಆರು ಜನರ ಕ್ಯಾಮೆರಾದಲ್ಲಿ ಸಿಕ್ಕಿದ ದೃಶ್ಯ ಅನ್ನುವ ರೂಪದಲ್ಲೇ ಇಡೀ ಕತೆ ಇತ್ತು. ಹೆಸರಿನಲ್ಲಿದ್ದ ತಪ್ಪು ಲೆಕ್ಕವೇ ಅರ್ಧ ಪ್ರಚಾರ ಮಾಡಿಬಿಟ್ಟಿತು. ದೊಡ್ಡ ಹೆಸರಿನ ನಟರಿಲ್ಲದೆಯೂ ಜನ ನೋಡಿದರು. ಮರುವರ್ಷ ಹಿಂದಿಗೂ ಹೋಯಿತು.

ದೆವ್ವದ ಕತೆಗೆ ಈ ರೂಪ ಯಾಕೆ ಅಷ್ಟು ಹೊಂದುತ್ತದೆ? ಕರೆಂಟ್ ಹೋದ ರಾತ್ರಿ ಟಾರ್ಚ್ ಹಿಡಿದು ಹಿತ್ತಲಿಗೆ ಹೋದದ್ದು ನೆನಪಿಸಿಕೊಳ್ಳಿ. ಹೆದರಿಕೆ ಟಾರ್ಚಿನ ಬೆಳಕು ಬಿದ್ದ ಕಡೆ ಇರುವುದಿಲ್ಲ, ಬೀಳದ ಕಡೆ ಇರುತ್ತದೆ. ಒಂದೇ ಕ್ಯಾಮೆರಾ ಅಂದರೆ ಒಂದೇ ಟಾರ್ಚು. ಅದು ಎಡಕ್ಕೆ ತಿರುಗಿದರೆ ಬಲಗಡೆ ಏನಿದೆಯೋ ಗೊತ್ತಿಲ್ಲ. ಚಿತ್ರ ಮಸುಕಾಗಿದ್ದರೂ ಸದ್ದು ಸರಿಯಾಗಿ ಕೇಳದಿದ್ದರೂ ಅದೇ ಲಾಭ. ಬಡತನವೇ ಬಂಡವಾಳವಾಗುವ ಅಪರೂಪದ ಜಾಗ ಅದು.

ನೋಡುವವನ ಮೂರು ಅನುಮಾನ

ಆದರೆ ಈ ರೂಪ ಪುಕ್ಕಟೆ ಅಲ್ಲ. ‘ಇದು ನಿಜವಾದ ವಿಡಿಯೋ’ ಅಂದ ಕೂಡಲೇ ನೋಡುವವನು ಪೊಲೀಸ್ ಪೇದೆಯ ಹಾಗೆ ವಿಚಾರಣೆಗೆ ಇಳಿಯುತ್ತಾನೆ. ಮೊದಲನೆಯದು, ಯಾರು ತೆಗೆಯುತ್ತಿದ್ದಾರೆ? ಆಮೇಲೆ, ಇಷ್ಟೆಲ್ಲ ಆಗುತ್ತಿದ್ದರೂ ಕ್ಯಾಮೆರಾ ಯಾಕೆ ಕೆಳಗಿಟ್ಟಿಲ್ಲ? ಕೊನೆಯದು, ಇದು ನಮ್ಮ ಕೈಗೆ ಹೇಗೆ ಬಂತು, ಇದನ್ನು ಕತ್ತರಿಸಿ ಜೋಡಿಸಿದ್ದು ಯಾರು?

ಮೂರರಲ್ಲಿ ಎರಡನೆಯದು ಎಲ್ಲ ನಿರ್ದೇಶಕರಿಗೂ ತಲೆನೋವು. ಬೆನ್ನ ಹಿಂದೆ ದೆವ್ವ ಬರುತ್ತಿರುವಾಗ ಬುದ್ಧಿ ಇರುವ ಯಾರೂ ಫೋಕಸ್ ಸರಿಮಾಡುತ್ತ ನಿಲ್ಲುವುದಿಲ್ಲ. ಜಾಣ ಚಿತ್ರಗಳು ಇದಕ್ಕೊಂದು ಕಾರಣ ಹುಡುಕಿಕೊಳ್ಳುತ್ತವೆ: ಕತ್ತಲಲ್ಲಿ ಕ್ಯಾಮೆರಾದ ದೀಪವೇ ದಾರಿ, ಸಾಕ್ಷಿ ಬೇಕು ಎನ್ನುವ ಹಟ, ಕಣ್ಣಿಗೆ ಯಂತ್ರ ಅಡ್ಡವಿದ್ದರೆ ಭಯ ಕಡಿಮೆ ಎನ್ನುವ ಭ್ರಮೆ. ಕಾರಣ ಸಿಕ್ಕಿದಾಗ ಕ್ಯಾಮೆರಾ ಹಿಡಿದವನೂ ಒಬ್ಬ ಮನುಷ್ಯನಾಗಿ ಕಾಣುತ್ತಾನೆ.

ಹದಿನೇಳರ ಹುಡುಗರಿಗೆ ಮನೆ ಪಾರ್ಟಿ ಯಾಕೆ ಅಷ್ಟು ದೊಡ್ಡದು

ಇಷ್ಟು ರೂಪದ ಮಾತಾಯಿತು. ವಸ್ತುವಿಗೆ ಬಂದರೆ, ಅಮೆರಿಕದಲ್ಲಿ ಮದ್ಯ ಕೊಳ್ಳಲು 21 ವರ್ಷವಾಗಿರಬೇಕು. ಹೈಸ್ಕೂಲು ಮುಗಿಯುವುದು ಹದಿನೆಂಟರ ಹೊತ್ತಿಗೆ. ನಡುವಿನ ಹುಡುಗರಿಗೆ ಪಬ್ಬಿನ ಬಾಗಿಲು ತೆರೆದಿಲ್ಲ. ಆದರೆ ಊರಾಚೆಯ ಬಡಾವಣೆಗಳಲ್ಲಿ ದೊಡ್ಡ ದೊಡ್ಡ ಮನೆ, ಹಿತ್ತಲಲ್ಲಿ ಈಜುಕೊಳ, ಹದಿನಾರಕ್ಕೇ ಕೈಗೆ ಕಾರು. ಹಾಗಾಗಿ ಅಪ್ಪ-ಅಮ್ಮ ಊರಲ್ಲಿಲ್ಲದ ವಾರಾಂತ್ಯ ಅಂದರೆ ಅಲ್ಲಿನ ಹುಡುಗರಿಗೆ ಜಾತ್ರೆ. ಶಾಲೆಯಲ್ಲಿ ಯಾರೂ ಮೂಸಿ ನೋಡದ ಹುಡುಗ ಒಂದೇ ರಾತ್ರಿಯಲ್ಲಿ ಎಲ್ಲರ ಬಾಯಲ್ಲಿ ಬರಬಹುದು. ಹಾಲಿವುಡ್ ಈ ಆಸೆಯನ್ನು ದಶಕಗಳಿಂದ ಮತ್ತೆ ಮತ್ತೆ ಮಾರಿದೆ. ಇಂಥವುಗಳನ್ನೇ ಟೀನ್ ಪಾರ್ಟಿ ಕಾಮಿಡಿ ಎನ್ನುವುದು. 2007ರ ‘ಸೂಪರ್‌ಬ್ಯಾಡ್’ ಈ ಸಾಲಿನಲ್ಲಿ ಎಲ್ಲರೂ ಮೆಚ್ಚಿದ್ದು, ಯಾಕೆಂದರೆ ಅಲ್ಲಿ ಪಾರ್ಟಿಗಿಂತ ಬೇರೆ ಬೇರೆ ಕಾಲೇಜಿಗೆ ಹೋಗಲಿರುವ ಇಬ್ಬರು ಗೆಳೆಯರ ಸಂಕಟ ದೊಡ್ಡದು.

ಇದಕ್ಕೆ ನಿಜಜೀವನದ ಉದಾಹರಣೆಯೂ ಇತ್ತು. 2008ರ ಜನವರಿಯಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್ ಹೊರವಲಯದಲ್ಲಿ ಹದಿನಾರರ ಹುಡುಗನೊಬ್ಬ ತಂದೆತಾಯಿ ರಜೆಗೆ ಹೋಗಿದ್ದಾಗ ಆನ್‌ಲೈನಿನಲ್ಲಿ ಎಲ್ಲರಿಗೂ ಆಹ್ವಾನ ಕೊಟ್ಟ. ಸುಮಾರು 500 ಮಂದಿ ಬಂದರು. ಚದುರಿಸಲು ಪೊಲೀಸ್ ಹೆಲಿಕಾಪ್ಟರು, ನಾಯಿ ದಳ. ಆಮೇಲೆ ಟೀವಿ ಸಂದರ್ಶನದಲ್ಲಿ ‘ಆ ತಂಪು ಕನ್ನಡಕ ತೆಗೆದು ಕ್ಷಮೆ ಕೇಳು’ ಅಂದರೆ, ಕ್ಷಮೆ ಬೇಕಾದರೆ ಕೇಳುತ್ತೇನೆ, ಕನ್ನಡಕ ತೆಗೆಯಲ್ಲ ಅಂದ. ಆ ಸಂದರ್ಶನ ಜಗತ್ತೆಲ್ಲ ಸುತ್ತಿತು. ‘ಪ್ರಾಜೆಕ್ಟ್ ಎಕ್ಸ್’ ಬಂದಾಗ ಬಹಳ ಜನರಿಗೆ ಮೊದಲು ನೆನಪಾದದ್ದು ಈ ಹುಡುಗನೇ.

ಚಿತ್ರದಲ್ಲಿ ಆಗುವುದೇನು

ಕ್ಯಾಲಿಫೋರ್ನಿಯಾದ ಪ್ಯಾಸಡೀನಾ. ಥಾಮಸ್‌ಗೆ ಹದಿನೇಳು ತುಂಬುವ ದಿನ. ಅಪ್ಪ-ಅಮ್ಮ ತಮ್ಮ ಮದುವೆಯ ವಾರ್ಷಿಕೋತ್ಸವಕ್ಕೆಂದು ಊರು ಬಿಡುತ್ತಾರೆ. ಹೋಗುವಾಗ ಅಪ್ಪ ತನ್ನ ಮರ್ಸಿಡಿಸ್ ಕಾರಿನ ಬಗ್ಗೆ ಎಚ್ಚರಿಕೆ ಕೊಡುತ್ತಾನೆ. ಆ ಕಾರಿಗೆ ಗ್ರಹಚಾರ ಕಾದಿದೆ ಅನ್ನುವುದು ನಮಗೆ ಆಗಲೇ ಗೊತ್ತಾಗುತ್ತದೆ. ಗೆಳೆಯರಿಬ್ಬರು: ಬಾಯಿ ಜೋರಿನ ಕೋಸ್ಟಾ, ದಪ್ಪಗಿನ ಜೆ.ಬಿ. ಕೋಸ್ಟಾ ಯಾರಿಗೂ ಹೇಳದೆ ಆನ್‌ಲೈನ್ ಜಾಹೀರಾತಿನಲ್ಲಿ, ರೇಡಿಯೋದಲ್ಲಿ ಪಾರ್ಟಿಯ ಸುದ್ದಿ ಹಬ್ಬಿಸಿರುತ್ತಾನೆ. ಐವತ್ತು ಜನ ಅಂದುಕೊಂಡಲ್ಲಿಗೆ ಊರಿಗೆ ಊರೇ ಬರುತ್ತದೆ. ಬಾಗಿಲು ಕಾಯಲು ನಿಂತಿರುವವರು ಇಬ್ಬರು ಪುಟ್ಟ ಹುಡುಗರು. ನಾಯಿಯನ್ನು ಬಲೂನಿಗೆ ಕಟ್ಟಿ ಹಾರಿಸುತ್ತಾರೆ, ಕುಳ್ಳ ಮನುಷ್ಯನೊಬ್ಬನನ್ನು ಓವನ್ನಿನೊಳಗೆ ಕೂಡುತ್ತಾರೆ, ಸಿಟ್ಟಿಗೆದ್ದ ಅವನು ಹೊರಬಂದು ಮರ್ಸಿಡಿಸನ್ನು ಈಜುಕೊಳಕ್ಕೇ ಇಳಿಸುತ್ತಾನೆ. ಡ್ರಗ್ಸ್ ಮಾರುವವನ ಮನೆಯಿಂದ ಹುಡುಗರು ಕದ್ದು ತಂದ ತೋಟದ ಬೊಂಬೆಯ ಹೊಟ್ಟೆಯಲ್ಲಿ ಮತ್ತಿನ ಮಾತ್ರೆಗಳು. ಅದನ್ನು ಹುಡುಕಿಕೊಂಡು ಅವನು ಬೆಂಕಿ ಉಗುಳುವ ಯಂತ್ರ ಬೆನ್ನಿಗೆ ಹಾಕಿಕೊಂಡು ಬರುತ್ತಾನೆ. ಬೀದಿಗೆ ಬೆಂಕಿ. ಪೊಲೀಸ್ ಪಡೆ. ಆಕಾಶದಲ್ಲಿ ಹೆಲಿಕಾಪ್ಟರು.

ಬರೆದರೆ ಭರ್ಜರಿಯಾಗಿ ಕಾಣುತ್ತದೆ, ಅಲ್ಲವೇ? ನೋಡುವಾಗ ಮಾತ್ರ ಸ್ವಲ್ಪ ಹೊತ್ತಿಗೆ ಆಕಳಿಕೆ ಬರುತ್ತದೆ. ನಾಯಿಯ ಕಣ್ಣಲ್ಲಿ ಮಾತ್ರ ಏನೋ ಭಾವನೆ ಕಂಡಂತಾಯಿತು ನನಗೆ.

ಇದು ನೀಮಾ ನೂರಿಜಾದೆ ಎಂಬವರ ಮೊದಲ ಚಿತ್ರ. ನಿರ್ಮಾಪಕ ಟಾಡ್ ಫಿಲಿಪ್ಸ್. ‘ದಿ ಹ್ಯಾಂಗೋವರ್’ ಮಾಡಿ ಗೆದ್ದವರು. ಮುಖಪರಿಚಯವೇ ಇಲ್ಲದ ಹುಡುಗರನ್ನು ಹುಡುಕಿ ಹಾಕಿಕೊಂಡರು, ಪಾತ್ರಗಳಿಗೆ ಹೆಚ್ಚುಕಡಿಮೆ ನಟರ ಹೆಸರನ್ನೇ ಇಟ್ಟರು: ಥಾಮಸ್ ಆಗಿ ಥಾಮಸ್ ಮಾನ್, ಜೆ.ಬಿ. ಆಗಿ ಜೊನಾಥನ್ ಡೇನಿಯಲ್ ಬ್ರೌನ್. ಚಿತ್ರೀಕರಣ ಬರ್ಬ್ಯಾಂಕಿನ ವಾರ್ನರ್ ಬ್ರದರ್ಸ್ ಸ್ಟುಡಿಯೋ ಆವರಣದಲ್ಲಿ. ಪಾರ್ಟಿಗೆ ಬಂದವರ ಪಾತ್ರ ಮಾಡಿದ ಕೆಲವರ ಕೈಗೂ ಫೋನು ಕೊಟ್ಟು ಶೂಟ್ ಮಾಡಿಸಿ ಆ ತುಣುಕುಗಳನ್ನೂ ಸೇರಿಸಿದ್ದಾರೆ. ಅಂದರೆ ‘ನಿಜ’ ಅನ್ನಿಸಲು ಬೇಕಾದ ಸಾಮಾನೆಲ್ಲ ಅವರ ಬಳಿ ಇತ್ತು.

ಎಲ್ಲಿ ಕೈಕೊಟ್ಟಿತು

ಈಗ ಹುಡುಗ ಕೇಳಿದ ಪ್ರಶ್ನೆಗೆ ಬರೋಣ. ಕತೆಯ ಪ್ರಕಾರ ಕ್ಯಾಮೆರಾ ಇರುವುದು ಡ್ಯಾಕ್ಸ್ ಎಂಬ ಸಹಪಾಠಿಯ ಕೈಲಿ. ಎಲ್ಲವನ್ನೂ ದಾಖಲಿಸಲೆಂದು ಕೋಸ್ಟಾ ಅವನನ್ನು ಕರೆತಂದಿದ್ದಾನೆ. ಮಾತು ಕಡಿಮೆ, ಕಪ್ಪು ಬಟ್ಟೆ, ಮುಖ ಕಾಣುವುದೇ ಅಪರೂಪ. ಆ ಪಾತ್ರ ಮಾಡಿದ ಡ್ಯಾಕ್ಸ್ ಫ್ಲೇಮ್ ಆ ಕಾಲದ ಯೂಟ್ಯೂಬಿನಲ್ಲಿ ಹೆಸರು ಮಾಡಿದ್ದವನು. ಬಹಳ ಒಳ್ಳೆಯ ಆಯ್ಕೆ. ಇಡೀ ಪಾರ್ಟಿಯಲ್ಲಿ ಎಲ್ಲರನ್ನೂ ನೋಡುವ, ಯಾರೂ ನೋಡದ ಹುಡುಗ! ಅವನಿಗೆ ಇಲ್ಲಿ ಯಾರಾದರೂ ಇಷ್ಟವೇ? ಬೆಂಕಿ ಬಿದ್ದಾಗ ಹೆದರಿದನೇ? ಚಿತ್ರ ಕೇಳುವುದೇ ಇಲ್ಲ. ಶುರುವಿನಲ್ಲಿ ಅವನನ್ನು ಪರಿಚಯಿಸಿ ಟ್ರೈಪಾಡಿನ ಹಾಗೆ ಮೂಲೆಗೆ ಒರಗಿಸಿಬಿಡುತ್ತದೆ.

ಇದರಿಂದ ಹೋದದ್ದೇನು ಅನ್ನುವುದು ನಮ್ಮ ಮದುವೆ ವಿಡಿಯೋ ನೋಡಿದವರಿಗೆ ತಕ್ಷಣ ತಿಳಿಯುತ್ತದೆ. ನನ್ನ ಚಿಕ್ಕಮ್ಮನ ಮಗಳ ಮದುವೆ ಕ್ಯಾಸೆಟ್ಟು ಇನ್ನೂ ನಮ್ಮ ಮನೆಯಲ್ಲಿದೆ, ಈಗ ಪೆನ್‌ಡ್ರೈವಿಗೆ ಹಾಕಿಸಿದ್ದೇವೆ. ಅದರಲ್ಲಿ ಧಾರೆ, ಮಾಂಗಲ್ಯ ಯಾರೂ ನೋಡುವುದಿಲ್ಲ. ನೋಡುವುದು ಊಟದ ಪಂಕ್ತಿ. ವಿಡಿಯೋದವನು ಲೈಟು ಹಿಡಿದವನ ಜೊತೆ ಸಾಲಿನುದ್ದಕ್ಕೂ ಬರುತ್ತಾನೆ. ಬಾಯಿಗೆ ಹೋಗುತ್ತಿದ್ದ ಅನ್ನದ ಉಂಡೆ ನಡುದಾರಿಯಲ್ಲೇ ನಿಲ್ಲುತ್ತದೆ. ಒಬ್ಬರು ಸೆರಗು ಸರಿಮಾಡಿಕೊಳ್ಳುತ್ತಾರೆ. ದೊಡ್ಡಪ್ಪ ಎಲೆಯಿಂದ ತಲೆಯೇ ಎತ್ತುವುದಿಲ್ಲ. ಮೂಲೆಯಲ್ಲಿ ಕೂತ ಅಜ್ಜಿ ‘ತಿನ್ನೋವಾಗ ಬೇಡಪ್ಪ, ಮುಂದಕ್ಕೆ ಹೋಗು’ ಅಂತ ಕೈ ಆಡಿಸುತ್ತಾಳೆ. ಒಬ್ಬ ಪೋರ ಕ್ಯಾಮೆರಾದ ಮುಂದೆ ಮುಂದೆ ಹಾರಿಕೊಂಡು ಐದು ಎಲೆ ದಾಟಿದರೂ ಚೌಕಟ್ಟಿನೊಳಗೇ ಇರುತ್ತಾನೆ. ಇಪ್ಪತ್ತು ವರ್ಷದಿಂದ ಮನೆಮಂದಿ ನಗುತ್ತಿರುವುದು ಇದಕ್ಕೇ. ಇಲ್ಲಿ ಜೋಕು ಅನ್ನುವುದು ಊಟದಲ್ಲಿಲ್ಲ. ಕ್ಯಾಮೆರಾ ಬಂತು ಅನ್ನುವುದರಲ್ಲಿದೆ.

ಫೌಂಡ್ ಫೂಟೇಜಿನಲ್ಲಿ ಹಾಸ್ಯ ಹುಟ್ಟಬೇಕಾದ ಜಾಗ ಇದು: ಜನ ಕ್ಯಾಮೆರಾಗಾಗಿ ಹಾಕುವ ವೇಷಕ್ಕೂ ಕ್ಯಾಮೆರಾ ಆಚೆ ತಿರುಗಿದಾಗಿನ ಮುಖಕ್ಕೂ ನಡುವಿನ ಅಂತರ. ‘ಪ್ರಾಜೆಕ್ಟ್ ಎಕ್ಸ್’ನಲ್ಲಿ ಕೋಸ್ಟಾ ಕ್ಯಾಮೆರಾ ಕಂಡರೆ ಬಡಾಯಿ ಕೊಚ್ಚುತ್ತಾನೆ. ಕಾಣದಾಗಲೂ ಅಷ್ಟೇ ಬಡಾಯಿ. ಎರಡು ಮುಖ ಇಲ್ಲದ ಮೇಲೆ ಕ್ಯಾಮೆರಾ ಹಿಡಿಯುವುದೇನು?

ಇನ್ನೊಂದು ತಾಂತ್ರಿಕ ತೊಡಕೂ ಇದೆ. ಹಾಸ್ಯಕ್ಕೆ ಕೇಳುವವನ ಮುಖ ಬೇಕು. ಒಬ್ಬ ಏನೋ ಅಂದ, ಅದನ್ನು ಕೇಳಿ ಇನ್ನೊಬ್ಬನ ಮುಖ ಹುಳ್ಳಗಾಯಿತು. ನಗು ಬರುವುದು ಆ ಎರಡನೆಯದನ್ನು ಕಂಡಾಗ. ಮಾಮೂಲಿ ಚಿತ್ರದಲ್ಲಿ ಕತ್ತರಿಸಿ ಎರಡನೆಯ ಮುಖ ತೋರಿಸುತ್ತಾರೆ, ಕಾಲು ಸೆಕೆಂಡಿನ ಲೆಕ್ಕದಲ್ಲಿ. ಒಂದೇ ಕ್ಯಾಮೆರಾ ಇದ್ದರೆ ಅದು ತಿರುಗಿ ಅಲ್ಲಿಗೆ ಹೋಗಬೇಕು, ಹೋಗುವಷ್ಟರಲ್ಲಿ ತಡ. ಗೊತ್ತಿದ್ದವರು ಆ ತಡವನ್ನೇ ಹಾಸ್ಯ ಮಾಡುತ್ತಾರೆ: ಕ್ಯಾಮೆರಾ ಗಡಬಡಿಸಿ ತಿರುಗುತ್ತದೆ, ಆಸಾಮಿ ಆಗಲೇ ಜಾಗ ಖಾಲಿ ಮಾಡಿರುತ್ತಾನೆ. ‘ಪ್ರಾಜೆಕ್ಟ್ ಎಕ್ಸ್’ ಈ ಕಷ್ಟವೇ ಬೇಡವೆಂದು ಅಡ್ಡದಾರಿ ಹಿಡಿಯುತ್ತದೆ. ಒಂದೇ ಮಾತುಕತೆಗೆ ಎರಡು ಮೂರು ಕಡೆಯಿಂದ ಶಾಟ್. ಕುಣಿತಕ್ಕೆ ಸ್ಲೋ ಮೋಷನ್. ಮೇಲೆ ಒಂದರ ಹಿಂದೊಂದು ಹಾಡು, ತಾಳಕ್ಕೆ ಸರಿಯಾಗಿ ಕತ್ತರಿ. ಡ್ಯಾಕ್ಸ್ ಒಬ್ಬನೇ ಇದನ್ನೆಲ್ಲ ಮಾಡುವುದು ಸಾಧ್ಯವಿಲ್ಲ. ಬಂದವರ ಫೋನಿನ ವಿಡಿಯೋ, ಪೊಲೀಸ್ ಕಾರಿನ ಕ್ಯಾಮೆರಾ, ಟೀವಿ ಹೆಲಿಕಾಪ್ಟರಿನ ದೃಶ್ಯ ಎಲ್ಲ ಸೇರಿದೆ ಅಂತ ಸಮಜಾಯಿಷಿ ಇದೆ, ಸರಿ. ಹಾಗಾದರೆ ಇದನ್ನೆಲ್ಲ ಕೂಡಿಸಿ, ಹಾಡು ಹಾಕಿ, ಅಂದಗೊಳಿಸಿದ ಆ ಪುಣ್ಯಾತ್ಮ ಯಾರು? ಮೂರನೆಯ ಅನುಮಾನ ಬಗೆಹರಿಯದೆ ಉಳಿಯುತ್ತದೆ. ಕೊನೆಗೆ ಸಿಕ್ಕುವುದು ಒಂದೂವರೆ ಗಂಟೆಯ ಮ್ಯೂಸಿಕ್ ವಿಡಿಯೋ. ಹುಡುಗ ಸ್ಪೇಸ್‌ಬಾರ್ ಒತ್ತಿದ್ದು ಅಂಥದೊಂದು ಹಾಡಿನ ನಡುವೆಯೇ.

ಹೆಣ್ಣುಮಕ್ಕಳನ್ನು ಚಿತ್ರ ತೋರಿಸಿದ ರೀತಿಯ ಮೇಲೂ ಆಗ ಬಹಳ ಆಕ್ಷೇಪ ಬಂತು. ಕ್ಯಾಮೆರಾ ಅವರ ಮೈಮೇಲೆ ಹರಿದಾಡುತ್ತದೆ, ಹೆಸರು ಉಳಿಯುವುದು ಒಬ್ಬಿಬ್ಬರದು. ಇಲ್ಲೂ ಪ್ರಶ್ನೆ ಅದೇ. ಮಾಮೂಲಿ ಚಿತ್ರದಲ್ಲಾದರೆ ಅದು ನಿರ್ದೇಶಕರ ನೋಟ ಎನ್ನಬೇಕು. ಇಲ್ಲಿ ಅದು ಡ್ಯಾಕ್ಸ್‌ನ ಕಣ್ಣು. ‘ಏ, ಯಾಕೋ ತೆಗೀತಿದೀಯ, ಇಳಿಸು ಕೆಳಗೆ’ ಅಂತ ಒಬ್ಬ ಹುಡುಗಿ ತಿರುಗಿ ನಿಂತು ಗದರಿದ್ದರೆ ಆ ಒಂದು ಕ್ಷಣಕ್ಕೆ ಪಾರ್ಟಿ ನಿಜವಾಗುತ್ತಿತ್ತು. ಯಾವ ಕಾಲೇಜಿನ ಕಾರ್ಯಕ್ರಮದಲ್ಲಾದರೂ ಕೇಳಿಬರುವ ಮಾತು ಅದು.

ಅದೇ ವರ್ಷ, ಅದೇ ಖರ್ಚು, ಬೇರೆ ಫಲ

ಹೋಲಿಸಲು ಅಷ್ಟು ಸೊಗಸಾದ ಜೋಡಿ ಸಿಗುವುದು ಅಪರೂಪ. ‘ಪ್ರಾಜೆಕ್ಟ್ ಎಕ್ಸ್’ ಅಮೆರಿಕದಲ್ಲಿ ತೆರೆಗೆ ಬಂದದ್ದು 2012ರ ಮಾರ್ಚ್ 2ಕ್ಕೆ. ಸರಿಯಾಗಿ ನಾಲ್ಕು ವಾರ ಹಿಂದೆ ‘ಕ್ರಾನಿಕಲ್’ ಬಂದಿತ್ತು. ಅದೂ ಫೌಂಡ್ ಫೂಟೇಜ್, ಅದರಲ್ಲೂ ಮೂವರು ಹೈಸ್ಕೂಲು ಹುಡುಗರು, ಅದರ ಖರ್ಚೂ ಸುಮಾರು 1.2 ಕೋಟಿ ಡಾಲರ್. ಅಲ್ಲಿನ ಹುಡುಗ ಕ್ಯಾಮೆರಾ ಕೊಳ್ಳುವುದು ಕುಡಿದು ಹೊಡೆಯುವ ಅಪ್ಪನ ವಿರುದ್ಧ ಸಾಕ್ಷಿ ಇರಲಿ ಅಂತ. ಮೊದಲ ದೃಶ್ಯದಲ್ಲೇ ಬಾಗಿಲಿನಾಚೆ ಅಪ್ಪನ ಕೂಗು, ಈಚೆ ಕ್ಯಾಮೆರಾ. ಆಮೇಲೆ ಅವರಿಗೆ ವಸ್ತುಗಳನ್ನು ಮನಸ್ಸಿನಿಂದಲೇ ಅಲುಗಿಸುವ ಶಕ್ತಿ ಬರುತ್ತದೆ. ಹುಡುಗ ಕ್ಯಾಮೆರಾವನ್ನು ಗಾಳಿಯಲ್ಲಿ ತೇಲಿಸಲು ಕಲಿಯುತ್ತಾನೆ! ಯಾರು ತೆಗೆಯುತ್ತಿದ್ದಾರೆ ಅನ್ನುವ ತಲೆನೋವಿಗೆ ಕತೆಯೊಳಗಿಂದಲೇ ಔಷಧಿ. ಅವನ ಅಹಂಕಾರ ಏರಿದಂತೆ ಕ್ಯಾಮೆರಾ ಕೂಡ ಮೇಲೇರಿ ಅವನನ್ನೇ ನೋಡತೊಡಗುತ್ತದೆ. ಕ್ಯಾಮೆರಾ ಹಿಡಿದವನನ್ನು ಮರೆಯದಿದ್ದರೆ ಏನೆಲ್ಲ ಸಿಗುತ್ತದೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಚೆನ್ನಾಗಿಲ್ಲ ಅಂದರೂ ದುಡ್ಡು ಬಂತಲ್ಲ

ಬಂತು. ಸುಮಾರು 1.2 ಕೋಟಿ ಡಾಲರ್ ಹಾಕಿ ಲೋಕದಾದ್ಯಂತ 10 ಕೋಟಿ ಡಾಲರ್‌ಗೂ ಮೇಲೆ ತೆಗೆದರು. ಚಿತ್ರ ನಿರಾಶೆ ತಂದಿತು ಅನ್ನುವ ಮಾತು ವಿಮರ್ಶಕರದ್ದು, ಮತ್ತು ಒಳ್ಳೆಯ ಹಾಸ್ಯ ಸಿಗುತ್ತದೆ ಅಂತ ಹೋದವರದ್ದು, ನಿರ್ಮಾಪಕರದ್ದಲ್ಲ. ಸ್ಟಾರ್ ಸಂಭಾವನೆ ಇಲ್ಲ, ಹೆಚ್ಚುಕಡಿಮೆ ಒಂದೇ ಬೀದಿಯ ಸೆಟ್, ಇಂಥ ಚಿತ್ರಗಳ ಆಯವ್ಯಯ ಹಾಗೇ ಇರುತ್ತದೆ. ಅಂಗಡಿ ಬಾಡಿಗೆ ಇಲ್ಲದ ತಳ್ಳುಗಾಡಿಯವನಿಗೆ ಹೆಚ್ಚು ಲಾಭ ಬಂದ ಹಾಗೆ.

ವಿಮರ್ಶೆಗಳನ್ನು ಒಟ್ಟುಹಾಕುವ ರಾಟನ್ ಟೊಮೇಟೋಸ್ ಎನ್ನುವ ತಾಣದಲ್ಲಿ ಇದಕ್ಕೆ ಶೇ. 30ಕ್ಕಿಂತ ಕಡಿಮೆ ಇದೆ. ನೂರಕ್ಕೆ ಮೂವತ್ತು ಅಂಕ ಅಂತ ಅದನ್ನು ಓದಬಾರದು. ನೂರು ವಿಮರ್ಶಕರಲ್ಲಿ ಮೂವತ್ತು ಜನರೂ ‘ಪರವಾಗಿಲ್ಲ, ನೋಡಬಹುದು’ ಎನ್ನಲಿಲ್ಲ ಎಂದು ಓದಬೇಕು. ನೂರು ಜನರೂ ‘ಪರವಾಗಿಲ್ಲ’ ಅಂದರೆ ಸಾಧಾರಣ ಚಿತ್ರಕ್ಕೂ ಅಲ್ಲಿ ಶೇ. 100 ಬಂದುಬಿಡುತ್ತದೆ. ಇನ್ನೊಂದು ತಮಾಷೆ: ಚಿತ್ರಕ್ಕೆ ಅಮೆರಿಕದಲ್ಲಿ ಸಿಕ್ಕಿದ್ದು ಆರ್ ಪ್ರಮಾಣಪತ್ರ. ಹದಿನೇಳು ತುಂಬದವರು ಅಪ್ಪನನ್ನೋ ಅಮ್ಮನನ್ನೋ, ಅಂತೂ ದೊಡ್ಡವರೊಬ್ಬರನ್ನು ಕರೆದುಕೊಂಡೇ ಟಾಕೀಸಿಗೆ ಹೋಗಬೇಕು. ಅಪ್ಪ-ಅಮ್ಮನ ಕಣ್ತಪ್ಪಿಸಿ ಮಾಡಿದ ಪಾರ್ಟಿಯ ಚಿತ್ರವನ್ನು ಅವರ ಪಕ್ಕದಲ್ಲೇ ಕೂತು ನೋಡುವುದು! ವಾಲ್ಯೂಮು ತಗ್ಗಿಸುವ ಅನುಕೂಲವೂ ಅಲ್ಲಿಲ್ಲ.

ಹಾರೆನ್ ಎಂಬ ಊರಿನಲ್ಲಿ

ಚಿತ್ರದ ಹೆಸರು ಇವತ್ತಿಗೂ ಉಳಿದಿದ್ದರೆ ಅದಕ್ಕೆ ಒಂದು ಕಾರಣ ನೆದರ್‌ಲ್ಯಾಂಡ್ಸಿನ ಗ್ರೋನಿಂಗನ್ ಪ್ರಾಂತ್ಯದ ಹಾರೆನ್. ಇಪ್ಪತ್ತು ಸಾವಿರದೊಳಗೆ ಜನಸಂಖ್ಯೆ ಇದ್ದ ಶಾಂತವಾದ ಊರು. ಅಲ್ಲೊಬ್ಬ ಹುಡುಗಿ ತನ್ನ ಹದಿನಾರನೇ ಹುಟ್ಟುಹಬ್ಬಕ್ಕೆ ಗೆಳತಿಯರನ್ನು ಫೇಸ್‌ಬುಕ್‌ನಲ್ಲಿ ಕರೆದಳು. ಆಹ್ವಾನವನ್ನು ‘ಖಾಸಗಿ’ ಮಾಡುವುದು ಮರೆತುಹೋಯಿತು. ಕರೆದವರು ಇನ್ನಷ್ಟು ಜನರನ್ನು ಕರೆದರು, ಅವರು ಮತ್ತಷ್ಟು. ತಪ್ಪು ಗೊತ್ತಾಗಿ ಆಕೆ ಆಹ್ವಾನ ತೆಗೆದುಹಾಕಿದರೂ ಬೇರೆಯವರು ಹೊಸದನ್ನು ತೆರೆದರು, ‘ಪ್ರಾಜೆಕ್ಟ್ ಎಕ್ಸ್ ಹಾರೆನ್’ ಅಂತ ಹೆಸರಿಟ್ಟರು, ಟೀ ಶರ್ಟ್ ಬಂತು. 2012ರ ಸೆಪ್ಟೆಂಬರ್ 21ರ ಸಂಜೆ ಸಾವಿರಗಟ್ಟಲೆ ಹುಡುಗರು ಆ ಊರಿಗೆ ಬಂದಿಳಿದರು. ಹುಡುಗಿಯ ಮನೆಯವರು ಆಗಲೇ ಮನೆ ಬಿಟ್ಟು ಬೇರೆ ಕಡೆ ಹೋಗಿದ್ದರು. ಕೇಕು ಇಲ್ಲ, ಹಾಡು ಇಲ್ಲ, ಪಾರ್ಟಿಯೇ ಇಲ್ಲ. ರಾತ್ರಿಯಾಗುತ್ತಿದ್ದಂತೆ ಬಾಟಲಿ, ಕಲ್ಲು, ಬೆಂಕಿ, ಅಂಗಡಿಗಳ ಲೂಟಿ, ಗಲಭೆ ನಿಗ್ರಹ ಪೊಲೀಸರು. ಹತ್ತಾರು ಮಂದಿಗೆ ಗಾಯವಾಯಿತು.

ಆಮೇಲೆ ತನಿಖೆ ನಡೆಸಿದ್ದು ಆಮ್‌ಸ್ಟರ್‌ಡ್ಯಾಮ್‌ನ ಹಿಂದಿನ ಮೇಯರ್ ಯೋಬ್ ಕೋಹೆನ್ ನೇತೃತ್ವದ ಸಮಿತಿ. ವರದಿಗೆ ಅವರಿಟ್ಟ ಹೆಸರು ‘ಎರಡು ಲೋಕಗಳು’. ದೊಡ್ಡವರು ಊರಿನ ಲೋಕದಲ್ಲಿದ್ದರು, ಹುಡುಗರು ಫೋನಿನೊಳಗಿನ ಲೋಕದಲ್ಲಿದ್ದರು, ಅಲ್ಲಿ ಏನು ಬೇಯುತ್ತಿದೆ ಅನ್ನುವುದು ಆಡಳಿತಕ್ಕೆ ಸರಿಯಾಗಿ ಗೊತ್ತಾಗಲೇ ಇಲ್ಲ ಅನ್ನುವುದು ಅದರ ಸಾರ. 2013ರ ಮಾರ್ಚಿನಲ್ಲಿ ವರದಿ ಹೊರಬಂತು, ಹಾರೆನ್‌ನ ಮೇಯರ್ ರಾಜೀನಾಮೆ ಕೊಟ್ಟರು.

ಗಲಭೆಯಲ್ಲಿ ಯಾರು ಯಾರಿದ್ದರು ಅಂತ ಪತ್ತೆ ಹಚ್ಚಬೇಕಿತ್ತಲ್ಲ, ಪೊಲೀಸರು ಅದಕ್ಕೊಂದು ದಾರಿ ಹಿಡಿದರು. ಆ ರಾತ್ರಿ ಅಲ್ಲಿದ್ದವರು ತಮ್ಮ ಫೋನಿನಲ್ಲಿ ತೆಗೆದ ಫೋಟೋ, ವಿಡಿಯೋ ಕಳಿಸಿ ಎಂದು ಕೇಳಿದರು. ರಾಶಿ ರಾಶಿ ಬಂದವು. ಒಬ್ಬೊಬ್ಬರದೂ ಅವರವರು ನಿಂತ ಜಾಗದಿಂದ ತೆಗೆದದ್ದು. ಅವನ್ನೆಲ್ಲ ಕೂತು ನೋಡಿ, ಮುಖ ಗುರುತು ಹಿಡಿದು, ಒಬ್ಬೊಬ್ಬರನ್ನೇ ಕರೆಸಿದರು.